ಎಣ್ಣೆ ಕುಡಿಸಿದರೆ ಹಾಲಿನ ಫ್ಯಾಟ್ ಏರುತ್ತದೆಯೇ? ಆಕಳ ಹೊಟ್ಟೆಯ ಒಳಗಿನ ಲೆಕ್ಕ



ಹೋದ ಸುಗ್ಗಿಯ ಹೊತ್ತಿಗೆ ನವಲಗುಂದ ತಾಲೂಕಿನ ಒಂದು ಹಳ್ಳಿಯ ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯದ ಲೆಕ್ಕ ಮುಗಿಯುವ ಮೊದಲೇ ಒಬ್ಬ ಸದಸ್ಯೆ ಡೈರಿಯ ಪುಸ್ತಕ ತಂದು ನಮ್ಮ ಮುಂದೆ ಇಟ್ಟರು. "ಸಿಸ್ಟರ್, ನೀವು ಹೇಳಿದಂಗ ಕಾಳು ಒಡಿಸಿ ಹಾಕಾಕತ್ತೇನಿ, ಮ್ಯಾಲೆ ದಿನಾ ಶೇಂಗಾ ಎಣ್ಣಿನೂ ಕುಡಸಾಕತ್ತೇನಿ. ಫ್ಯಾಟ್ ಏರೂದು ಬಿಟ್ಟು ಇಳದೈತಿ ನೋಡ್ರಿ" ಎಂದರು. ಪುಸ್ತಕದಲ್ಲಿ ತಿಂಗಳ ಹಿಂದೆ 3.6 ಇದ್ದ ಫ್ಯಾಟ್ 2.9ಕ್ಕೆ ಬಂದಿತ್ತು. ಸಂಘದಿಂದ 45,000 ರೂಪಾಯಿ ಸಾಲ ಎತ್ತಿ ತಂದ ಜರ್ಸಿ ಮಿಶ್ರತಳಿಯ ಆಕಳು ಅದು. ಹಾಲು ಡೈರಿಗೆ ಹೋದರೆ ಮಾತ್ರ ಕಂತು ಕಟ್ಟಲು ಬರುತ್ತದೆ.

ಆ ದಿನ ನಮಗೂ ಸರಿಯಾದ ಉತ್ತರ ಹೊಳೆಯಲಿಲ್ಲ. ಡಾಕ್ಟರರನ್ನು ಕೇಳಿ ಹೇಳುತ್ತೇವೆ ಎಂದು ಬಂದೆವು. ವಾರದೊಳಗೆ ಆ ತಾಯಿಯ ಫೋನು ಬಂತು. ಆಕಳು ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ, ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತಿದೆ, ಎದ್ದು ನಿಲ್ಲಲು ಆಗುತ್ತಿಲ್ಲ. ಪಶುವೈದ್ಯರು ರಾತ್ರಿ ಬಂದು ನೋಡಿ, ಹೊಟ್ಟೆಯಲ್ಲಿ ಹುಳಿ ಏರಿದೆ ಎಂದರು. ಆಕಳು ಉಳಿಯಿತು. ಆದರೆ ಆ ಸೂಲಿನಲ್ಲಿ ಹಾಲು ಮೊದಲಿನ ಅರ್ಧಕ್ಕೆ ನಿಂತಿತು. ಸಂಘದವರು ಕೂಡಿ ಮಾತಾಡಿ ಎರಡು ಕಂತು ಮುಂದಕ್ಕೆ ಹಾಕಿದರು.

ಇದರಲ್ಲಿ ನಮ್ಮ ತಪ್ಪೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಹೈನುಗಾರಿಕೆ ತರಬೇತಿಯಲ್ಲಿ ನಾವು "ಕಾಳು ಇಡಿಯಾಗಿ ಹಾಕಬ್ಯಾಡ್ರಿ, ಒಡಿಸಿ ಹಾಕ್ರಿ" ಎಂದು ಹೇಳಿದ್ದೆವು. ಎಷ್ಟು ಒಡೆಸಬೇಕು ಎಂದು ಹೇಳಿರಲಿಲ್ಲ. ಅವರು ಗೋವಿನಜೋಳವನ್ನು ಗಿರಣಿಗೆ ಒಯ್ದು ರೊಟ್ಟಿ ಹಿಟ್ಟಿನಂತೆ ನುಣ್ಣಗೆ ಬೀಸಿಸಿಕೊಂಡು ಬಂದಿದ್ದರು. ಎಣ್ಣೆಯ ಮಾತು ಮಾತ್ರ ನಮ್ಮದಲ್ಲ, ಅದು ಓಣಿಯವರು ಹೇಳಿದ್ದು. ಫ್ಯಾಟ್ ಕಡಿಮೆ ಬಂತು ಅಂದರೆ ಎಣ್ಣೆ ಹಾಕಿದರೆ ಏರುತ್ತದೆ ಎಂಬ ನಂಬಿಕೆ ಕುಂದಗೋಳದಿಂದ ಕಲಘಟಗಿಯವರೆಗೂ ಇದೆ. ನೋಡಲು ಸರಿಯಾದ ಮಾತಿನಂತೆಯೇ ಕಾಣುತ್ತದೆ. ಆದರೆ ಆ ಆಕಳ ಫ್ಯಾಟ್ ಇಳಿದದ್ದೇ ಆ ಹಿಟ್ಟಿನಿಂದ, ಆ ಎಣ್ಣೆಯಿಂದ. ಅದು ಹೇಗೆ ಎಂದು ತಿಳಿಯಬೇಕಾದರೆ ಆಕಳ ಹೊಟ್ಟೆಯೊಳಗೆ ಇಣುಕಬೇಕು.

ಆಕಳು, ಎಮ್ಮೆ, ಆಡು, ಕುರಿಗಳಿಗೆ ಹೊಟ್ಟೆಯಲ್ಲಿ ನಾಲ್ಕು ಭಾಗ. ಮೊದಲನೆಯ ದೊಡ್ಡ ಚೀಲಕ್ಕೆ ಮೆಲುಕು ಚೀಲ ಅನ್ನೋಣ. ದೊಡ್ಡ ಆಕಳಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಇರುತ್ತವೆ. ಕಣಕಿಯನ್ನು ಆಕಳು ತಾನಾಗಿ ಜೀರ್ಣಿಸಲಾರದು. ಜೀರ್ಣಿಸುವವು ಈ ಜೀವಿಗಳು. ನಾವು ಗ್ವಾದಲಿಗೆ ಹಾಕುವ ಮೇವು ನಿಜವಾಗಿ ಮೊದಲು ಅವುಗಳ ಊಟ, ಆಮೇಲೆ ಆಕಳ ಊಟ. ಅವು ಮೇವನ್ನು ಹುಳಿಸಿ ಬಿಟ್ಟುಕೊಡುವ ರಸವನ್ನು ಆಕಳು ರಕ್ತಕ್ಕೆ ಹೀರಿಕೊಂಡು ಹಾಲು ಮಾಡುತ್ತದೆ.

ಈ ಜೀವಿಗಳಲ್ಲಿಯೂ ಬೇರೆ ಬೇರೆ ಗುಂಪುಗಳಿವೆ. ಕಣಕಿ, ಹುಲ್ಲು, ಹೊಟ್ಟು ತಿನ್ನುವವು ಒಂದು ಗುಂಪು. ಕಾಳಿನ ಪಿಷ್ಟ ತಿನ್ನುವವು ಇನ್ನೊಂದು ಗುಂಪು. ಕಣಕಿ ತಿನ್ನುವ ಗುಂಪು ನಿಧಾನ. ಅದು ಕೊಡುವ ಮುಖ್ಯ ರಸ ವಿನೆಗರ್‌ನಲ್ಲಿ ಇರುವಂಥದೇ ಹುಳಿ. ಹಾಲಿನ ಬೆಣ್ಣೆ ಅಂಶದ ಸುಮಾರು ಅರ್ಧ ಪಾಲು ಕೆಚ್ಚಲಿನಲ್ಲಿ ಮುಖ್ಯವಾಗಿ ಈ ರಸದಿಂದಲೇ ತಯಾರಾಗುತ್ತದೆ. ಅಂದರೆ ಫ್ಯಾಟ್ ಬರುವುದು ಮೊದಲು ಕಣಕಿಯಿಂದ ಎಂದಾಯಿತು. ಕಾಳು ತಿನ್ನುವ ಗುಂಪು ಚುರುಕು. ಅದು ಕೊಡುವ ರಸದಿಂದ ಆಕಳಿಗೆ ಶಕ್ತಿ, ಹಾಲಿನ ಸಕ್ಕರೆ ಅಂಶ, ಹಾಲಿನ ಪ್ರಮಾಣ ಸಿಗುತ್ತದೆ. ಎರಡೂ ಬೇಕು. ಬರೀ ಕಣಕಿ ಹಾಕಿದರೆ ಹಾಲು ಬರುವುದಿಲ್ಲ, ಬರೀ ಕಾಳು ಹಾಕಿದರೆ ಆಕಳು ಉಳಿಯುವುದಿಲ್ಲ.

ಇನ್ನು ಕಾಳಿನ ಮಾತು. ದೋಸೆಗೆ ಅಕ್ಕಿ ನೆನೆ ಹಾಕಿರುತ್ತೀರಿ. ನೆನೆದ ಅಕ್ಕಿ ಹಾಗೇ ಇಟ್ಟರೆ ಬೆಳಿಗ್ಗೆಯವರೆಗೆ ಅಷ್ಟೇನೂ ಹುಳಿಯುವುದಿಲ್ಲ. ರುಬ್ಬಿ ಇಟ್ಟರೆ ಪಾತ್ರೆ ಮೀರಿ ಉಕ್ಕುತ್ತದೆ. ಅಕ್ಕಿ ಒಂದೇ, ರುಬ್ಬಿದ್ದು ಮಾತ್ರ ಬೇರೆ. ಆಕಳ ಹೊಟ್ಟೆಯಲ್ಲಿಯೂ ಇದೇ ನಡೆಯುತ್ತದೆ. ಇಡೀ ಕಾಳಿಗೆ ಗಟ್ಟಿ ಸಿಪ್ಪೆ ಇರುತ್ತದೆ, ಒಳಗೆ ಪಿಷ್ಟದ ಕಣಗಳ ಸುತ್ತ ಪ್ರೋಟೀನಿನ ಗೋಡೆ ಇರುತ್ತದೆ. ಜೋಳದಲ್ಲಿ ಈ ಗೋಡೆ ಬಹಳ ಗಟ್ಟಿ, ಗೋವಿನಜೋಳದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, ಗೋಧಿಯಲ್ಲಿ ಸಡಿಲು. ಹಾಗಾಗಿ ಜೋಳವನ್ನು ಇಡಿಯಾಗಿ ಹಾಕಿದರೆ ಬಹಳಷ್ಟು ಕಾಳು ಇದ್ದ ಹಾಗೇ ಸಗಣಿಯಲ್ಲಿ ಹೊರಗೆ ಬರುತ್ತದೆ. ಮಳೆ ಬಿದ್ದ ಮೇಲೆ ತಿಪ್ಪೆಯ ಮೇಲೆ ಜೋಳ, ಗೋವಿನಜೋಳದ ಸಸಿ ಎದ್ದಿದ್ದನ್ನು ನೀವೆಲ್ಲ ನೋಡಿದ್ದೀರಿ. ಅದು ನಿಮ್ಮ ದುಡ್ಡು, ಆಕಳ ಹೊಟ್ಟೆ ಸುತ್ತಿ ತಿಪ್ಪೆಗೆ ಹೋಗಿದೆ. ಒಡೆಸಿ ಹಾಕಿ ಎಂದು ನಾವು ಹೇಳಿದ್ದು ಇದಕ್ಕೇ.

ಆದರೆ ನುಣ್ಣಗೆ ಬೀಸಿದ ಹಿಟ್ಟು ಹೋದರೆ ಗೋಡೆಯೆಲ್ಲ ಒಮ್ಮೆಲೇ ಒಡೆದಿರುತ್ತದೆ. ಚುರುಕು ಗುಂಪಿನವು ತಾಸೆರಡು ತಾಸಿನಲ್ಲಿ ಮೇಲೆ ಬಿದ್ದು ತಿಂದು ಹುಳಿಯನ್ನು ಒಮ್ಮೆಲೇ ಸುರಿಸುತ್ತವೆ. ಆಕಳಿಗೆ ಈ ಹುಳಿಯನ್ನು ತಗ್ಗಿಸುವ ಔಷಧ ದೇವರು ಬಾಯಲ್ಲೇ ಇಟ್ಟಿದ್ದಾನೆ, ಜೊಲ್ಲು. ಚೆನ್ನಾಗಿ ಮೇಯ್ದು ಮೆಲುಕು ಹಾಕುವ ದೊಡ್ಡ ಆಕಳು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿಸುತ್ತದೆ. ಅದರಲ್ಲಿ ಅಡುಗೆ ಸೋಡಾದಂಥ ಅಂಶ ಇರುತ್ತದೆ. ಆದರೆ ಜೊಲ್ಲು ಹೆಚ್ಚಾಗಿ ಬರುವುದು ಅಗಿದಾಗ. ಕಣಕಿ ಅಗಿಯಲೇ ಬೇಕು, ಹಿಟ್ಟನ್ನು ಆಕಳು ನೆಕ್ಕಿ ನುಂಗಿಬಿಡುತ್ತದೆ. ಹೀಗೆ ಹಿಟ್ಟು ಹೆಚ್ಚಾದಾಗ ಹುಳಿ ಹೆಚ್ಚುತ್ತದೆ, ಅದನ್ನು ತಗ್ಗಿಸುವ ಜೊಲ್ಲು ಕಡಿಮೆಯಾಗುತ್ತದೆ. ಎರಡು ಕಡೆಯಿಂದಲೂ ಪೆಟ್ಟು.

ಹುಳಿ ಸ್ವಲ್ಪ ಏರಿದಾಗ ಮೊದಲು ಸೊರಗುವವು ಕಣಕಿ ತಿನ್ನುವ ನಿಧಾನದ ಗುಂಪಿನವು. ಅವು ಸೊರಗಿದರೆ ವಿನೆಗರ್‌ನಂಥ ಆ ರಸ ಕಡಿಮೆ, ಅದು ಕಡಿಮೆಯಾದರೆ ಫ್ಯಾಟ್ ಕಡಿಮೆ. ಆಕಳು ಆಗ ನೋಡಲು ಆರೋಗ್ಯವಾಗಿಯೇ ಇರುತ್ತದೆ, ಹಾಲೂ ಅಷ್ಟೇ ಇರಬಹುದು. ಡೈರಿಯ ಪುಸ್ತಕದಲ್ಲಿ ಮಾತ್ರ ಗೊತ್ತಾಗುತ್ತದೆ. ಇನ್ನೂ ಏರಿದರೆ ಬೇರೆ ಜೀವಿಗಳು ಹುಟ್ಟಿಕೊಂಡು ಮೊಸರಿನಲ್ಲಿರುವಂಥ ಬಲವಾದ ಹುಳಿಯನ್ನು ಉಂಟುಮಾಡುತ್ತವೆ. ಆಗ ಹೊಟ್ಟೆಯ ಒಳಗೋಡೆ ಸುಡುತ್ತದೆ, ರಕ್ತಕ್ಕೂ ಹುಳಿ ಏರುತ್ತದೆ, ಕೆಲವು ವಾರಗಳಲ್ಲಿ ಗೊರಸು ನೊಂದು ಆಕಳು ಕುಂಟುತ್ತದೆ. ಕುಂಟುವ ಆಕಳ ಕಾಲಿಗೆ ಔಷಧ ಹಚ್ಚುತ್ತೇವೆ, ಗ್ವಾದಲಿ ಕಡೆ ನೋಡುವುದಿಲ್ಲ.

ದೂರದ ಅಮೆರಿಕಾದಲ್ಲಿಯೂ ನಮ್ಮ ಜೋಳವನ್ನೇ ಹಾಲಿನ ಆಕಳಿಗೆ ಹಾಕುತ್ತಾರೆ. ಅಲ್ಲಿ ಅರಿಜೋನಾ ವಿಶ್ವವಿದ್ಯಾಲಯದವರು ಜೋಳವನ್ನು ಹಬೆಗೆ ಹಿಡಿದು, ರೋಲರ್ ನಡುವೆ ಚಪ್ಪಟೆ ಮಾಡಿ, ನಮ್ಮ ಅವಲಕ್ಕಿಯಂತೆ ಮಾಡಿ ಹಾಕಿ ವರ್ಷಗಟ್ಟಲೆ ನೋಡಿದರು. ಜೋಳದ ಪಿಷ್ಟ ಚೆನ್ನಾಗಿ ಜೀರ್ಣವಾಗಿ ಹಾಲು ಹೆಚ್ಚಿತು. ನಮ್ಮಲ್ಲಿ ಅಂಥ ಯಂತ್ರ ಇಲ್ಲ, ಎರಡು ಆಕಳಿಗಾಗಿ ಬೇಕಾಗಿಯೂ ಇಲ್ಲ. ಆದರೆ ಅವರೂ ಹಿಟ್ಟು ಮಾಡಲಿಲ್ಲ, ಗೋಡೆ ಒಡೆಯುವಷ್ಟು ಮಾಡಿ ಬಿಟ್ಟರು ಎಂಬುದನ್ನು ಗಮನಿಸಿ.

ನಮ್ಮ ಮಟ್ಟಿಗೆ ನುಚ್ಚು ಸಾಕು. ಗಿರಣಿಯವನಿಗೆ "ಕಲ್ಲು ಸಡಿಲ ಮಾಡಿ ಒಡದ ಕೊಡಪಾ, ಬೀಸಬ್ಯಾಡ" ಎಂದು ನಿಂತು ಹೇಳಬೇಕು. ಒಂದು ಗೋವಿನಜೋಳದ ಕಾಳು ನಾಲ್ಕಾರು ತುಂಡು ಆಗಬೇಕು, ಇಡ್ಲಿ ರವೆಗಿಂತ ದಪ್ಪ ಇರಬೇಕು. ಜೋಳದ ಕಾಳು ಸಣ್ಣದು, ಅದನ್ನು ಸ್ವಲ್ಪ ಸಣ್ಣಗೆ ಒಡೆಸಬಹುದು. ಗೋಧಿಯಾದರೆ ಎರಡು ತುಂಡಾದರೂ ಸಾಕು, ಅದೂ ಕಡಿಮೆ ಪ್ರಮಾಣದಲ್ಲಿ. ಗೋಧಿ ಹಿಟ್ಟು, ಮದುವೆ ಮನೆಯಲ್ಲಿ ಉಳಿದ ಅನ್ನ, ಜಾತ್ರೆಯಲ್ಲಿ ಉಳಿದ ಹೋಳಿಗೆ, ಪಾಯಸ ಇವು ಎಲ್ಲಕ್ಕಿಂತ ಅಪಾಯ. ಬೆಂದ ಅನ್ನದ ಪಿಷ್ಟಕ್ಕೆ ಗೋಡೆಯೇ ಉಳಿದಿರುವುದಿಲ್ಲ. ಚೆಲ್ಲಿದರೆ ಪಾಪ ಎಂದು ಬುಟ್ಟಿಗಟ್ಟಲೆ ಅನ್ನ ಆಕಳ ಮುಂದೆ ಇಡುವವರನ್ನು ನಾವು ಕಂಡಿದ್ದೇವೆ. ಮನಸ್ಸು ಒಳ್ಳೆಯದು, ಆಕಳಿಗೆ ಮಾತ್ರ ಅದು ವಿಷ. ಕಣದಲ್ಲಿ ರಾಶಿ ಇದ್ದಾಗ ಹಗ್ಗ ಬಿಚ್ಚಿಕೊಂಡ ದನ ರಾಶಿಗೆ ಬಾಯಿ ಹಾಕಿದರೂ ಇದೇ ಆಗುತ್ತದೆ. ನವಲಗುಂದ, ಅಣ್ಣಿಗೇರಿಯ ಕಡೆ ಹಿಂಗಾರಿ ಸುಗ್ಗಿಯಲ್ಲಿ ರಾತ್ರಿ ಹಗ್ಗ ಒಮ್ಮೆ ನೋಡಿ ಮಲಗುವುದು ಒಳ್ಳೆಯದು.

ಈಗ ಎಣ್ಣೆಗೆ ಬರೋಣ. ಎಣ್ಣೆ ಹತ್ತಿದ ತಾಟಿನ ಮೇಲೆ ನೀರು ಸುರಿದರೆ ನೀರು ಅಂಟುವುದಿಲ್ಲ, ಜಾರುತ್ತದೆ. ಹೊಟ್ಟೆಯಲ್ಲಿ ಬಿಡಿ ಎಣ್ಣೆ ಹೆಚ್ಚಾದರೆ ಅದು ಕಣಕಿಯ ತುಂಡುಗಳಿಗೆ ಬಳಿದುಕೊಳ್ಳುತ್ತದೆ. ಜೀವಿಗಳು ಕಣಕಿಗೆ ಅಂಟಿಕೊಂಡರೆ ತಾನೇ ತಿನ್ನುವುದು? ಅಷ್ಟೇ ಅಲ್ಲ, ಶೇಂಗಾ, ಕುಸುಬಿ, ಸೂರ್ಯಕಾಂತಿಯಂಥ ತೆಳು ಎಣ್ಣೆ ಆ ಜೀವಿಗಳಿಗೇ ವಿಷದಂತೆ. ತಮ್ಮನ್ನು ಉಳಿಸಿಕೊಳ್ಳಲು ಅವು ಆ ಎಣ್ಣೆಯನ್ನು ಬೇರೆ ರೂಪಕ್ಕೆ, ಗಟ್ಟಿ ಕೊಬ್ಬಿನ ರೂಪಕ್ಕೆ ತಿರುಗಿಸುತ್ತವೆ. ಹೊಟ್ಟೆಯಲ್ಲಿ ಹುಳಿಯೂ ಏರಿದ್ದರೆ ಈ ಕೆಲಸ ದಾರಿ ತಪ್ಪುತ್ತದೆ, ಅರ್ಧಕ್ಕೆ ನಿಂತ ಒಂದು ಬಗೆಯ ಕೊಬ್ಬು ರಕ್ತದ ಮೂಲಕ ಕೆಚ್ಚಲಿಗೆ ಹೋಗುತ್ತದೆ. ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2000ನೇ ಇಸವಿಯ ಆಸುಪಾಸಿನಲ್ಲಿ ಇದನ್ನು ತೋರಿಸಿಕೊಟ್ಟರು. ಆ ಕೊಬ್ಬು ದಿನಕ್ಕೆ ಕೆಲವೇ ಗ್ರಾಂ ಹೋದರೂ ಕೆಚ್ಚಲು ತಾನು ಬೆಣ್ಣೆ ಅಂಶ ಮಾಡುವ ಕೆಲಸವನ್ನು ತಗ್ಗಿಸಿಬಿಡುತ್ತದೆ. ನುಣ್ಣನೆ ಹಿಟ್ಟು ಮತ್ತು ಎಣ್ಣೆ ಎರಡೂ ಕೂಡಿದರೆ ಫ್ಯಾಟ್ ಕುಸಿಯುತ್ತದೆ ಎಂಬುದರ ಗುಟ್ಟು ಇದು. ನಮ್ಮ ಆ ತಾಯಿ ದುಡ್ಡು ಕೊಟ್ಟು ಎಣ್ಣೆ ತಂದು ಫ್ಯಾಟ್ ಇಳಿಸಿಕೊಂಡಿದ್ದರು.

ಹಾಗಾದರೆ ಕಾರಹುಣ್ಣಿಮೆಗೆ ಎತ್ತಿಗೆ ಗೊಟ್ಟದಲ್ಲಿ ಎಣ್ಣೆ, ತತ್ತಿ ಕುಡಿಸುತ್ತಾರಲ್ಲ ಎಂದು ಕೇಳುತ್ತೀರಿ. ಕೇಳಿದರು ಕೂಡ. ಅದು ವರ್ಷಕ್ಕೆ ಒಂದೋ ಎರಡೋ ದಿನ, ಅದೂ ದುಡಿಯುವ ಎತ್ತಿಗೆ. ಅದನ್ನು ದಿನವೂ ಹಾಲಿನ ಆಕಳಿಗೆ ಮಾಡುವುದು ಬೇರೆ ಮಾತು. ಇನ್ನೊಂದು, ಹೊಟ್ಟೆ ನೊರೆಗಟ್ಟಿ ಉಬ್ಬಿದಾಗ ಎಣ್ಣೆ ಕುಡಿಸುವುದುಂಟು, ನೊರೆ ಒಡೆಯಲಿಕ್ಕೆ. ಅದು ಔಷಧ, ಮೇವಲ್ಲ. ಕುಡಿಸುವಾಗ ತಲೆ ಬಹಳ ಎತ್ತಿ ಹಿಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಆಕಳು ಸಾಯುವುದೂ ಉಂಟು.

ಎಣ್ಣೆ ಅಂಶ ಬೇಡವೇ ಬೇಡ ಎಂದಲ್ಲ, ಲೆಕ್ಕ ಇರಬೇಕು. ದಿನಕ್ಕೆ ಎಂಟು ಲೀಟರ್ ಹಾಲು ಕೊಡುವ ನಮ್ಮ ಮಿಶ್ರತಳಿ ಆಕಳು ನೀರಿನ ಅಂಶ ಬಿಟ್ಟು ಸುಮಾರು 10 ಕಿಲೋ ಮೇವು ತಿನ್ನುತ್ತದೆ ಎಂದು ಹಿಡಿಯಿರಿ. ಇದರಲ್ಲಿ ನೂರಕ್ಕೆ ಐದು, ಹೆಚ್ಚೆಂದರೆ ಆರು ಪಾಲು ಎಣ್ಣೆ ಅಂಶ ಇರಬಹುದು, ಅಂದರೆ 500ರಿಂದ 600 ಗ್ರಾಂ. ಮೇವು, ಕಾಳು, ಹಿಂಡಿಯಲ್ಲಿ ಸಹಜವಾಗಿ ಇರುವುದೇ ಸುಮಾರು 300 ಗ್ರಾಂ. ಉಳಿದದ್ದು 200ರಿಂದ 300 ಗ್ರಾಂ ಮಾತ್ರ. ಅದರೊಳಗೆ ಏನೇನು ಬರುತ್ತದೆ ನೋಡಿ. ಒಂದು ಕಿಲೋ ಇಡೀ ಹತ್ತಿಕಾಳಿನಲ್ಲಿ ಸುಮಾರು 180-200 ಗ್ರಾಂ ಎಣ್ಣೆ. ಕಲಘಟಗಿ ಕಡೆ ಅಕ್ಕಿ ಗಿರಣಿಯಿಂದ ತರುವ ಎಣ್ಣೆ ತೆಗೆಯದ ಹಸಿ ತೌಡಿನಲ್ಲಿ ನೂರಕ್ಕೆ 12-15 ಪಾಲು ಎಣ್ಣೆ, ಎರಡು ಕಿಲೋ ಹಾಕಿದರೆ ಅದೇ 250 ಗ್ರಾಂ ದಾಟಿತು. ಹಸಿ ತೌಡು ಬೇಗ ಕಮಟುತ್ತದೆ, ವಾರಗಟ್ಟಲೆ ಇಡಬೇಡಿ. ಗಾಣದ ಶೇಂಗಾ ಹಿಂಡಿಯಲ್ಲಿ ನೂರಕ್ಕೆ ಆರೆಂಟು ಪಾಲು ಎಣ್ಣೆ ಉಳಿದಿರುತ್ತದೆ, ಫ್ಯಾಕ್ಟರಿಯ ಸಾಲ್ವೆಂಟ್ ಹಿಂಡಿಯಲ್ಲಿ ಒಂದು ಪಾಲಿನಷ್ಟು. ನಮ್ಮ ಸದಸ್ಯೆ ಹತ್ತಿಕಾಳು ರುಬ್ಬಿ ಹಾಕುತ್ತಿದ್ದರು, ಗಾಣದ ಹಿಂಡಿ ಹಾಕುತ್ತಿದ್ದರು, ಮೇಲೆ ಕಾಲು ಲೀಟರ್ ಎಣ್ಣೆ. ಹೊಟ್ಟೆ ತಡೆದೀತೇ?

ಹತ್ತಿಕಾಳಿನ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು, ಯಾಕೆಂದರೆ ಕರಿಮಣ್ಣಿನ ನಮ್ಮ ಸೀಮೆಯಲ್ಲಿ ಅದು ಹಳೆಯ ಹಾಲಿನ ಮೇವು. ಅಜ್ಜಿಯರು ಸುಮ್ಮನೆ ಹಾಕಲಿಲ್ಲ. ಇಡೀ ಹತ್ತಿಕಾಳಿನಲ್ಲಿ ಎಣ್ಣೆ ಸಿಪ್ಪೆಯೊಳಗೆ ಇರುತ್ತದೆ, ಆಕಳು ಅಗಿದಂತೆ, ಮೆಲುಕು ಹಾಕಿದಂತೆ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಮೇಲಿನ ಸಿಪ್ಪೆ, ಅರಳೆ ನಾರಿನ ಕೆಲಸ ಮಾಡುತ್ತದೆ. ಆದ್ದರಿಂದ ಇಡೀ ಹತ್ತಿಕಾಳು ಹಾಕಿದರೆ ಫ್ಯಾಟ್ ನಿಲ್ಲುತ್ತದೆ, ಏರುವುದೂ ಉಂಟು. ನುಣ್ಣಗೆ ರುಬ್ಬಿದಾಗ ಅದೇ ಎಣ್ಣೆ ಒಮ್ಮೆಲೇ ಹೊರಬೀಳುತ್ತದೆ. ಹಾಗಾಗಿ ನೆನೆ ಹಾಕಿ, ಇಲ್ಲವೇ ಕುದಿಸಿ, ಇಡಿಯಾಗಿಯೇ ಹಾಕಿ, ದಿನಕ್ಕೆ ಒಂದು ಕಿಲೋ ಮೀರಬೇಡಿ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷದ ಅಂಶ ಇದೆ. ದೊಡ್ಡ ದನದ ಮೆಲುಕು ಚೀಲ ಅದನ್ನು ತಕ್ಕಮಟ್ಟಿಗೆ ಅರಗಿಸಿಕೊಳ್ಳುತ್ತದೆ, ಎಳೆ ಕರುವಿನದು ಅರಗಿಸಿಕೊಳ್ಳುವುದಿಲ್ಲ. ಕರುಗಳಿಗೆ ಹತ್ತಿಕಾಳೂ ಬೇಡ, ಹತ್ತಿಕಾಳಿನ ಹಿಂಡಿಯೂ ಬೇಡ.

ಪೇಟೆಯಲ್ಲಿ "ಬೈಪಾಸ್ ಫ್ಯಾಟ್" ಎಂದು ಮಾರುತ್ತಾರೆ. ಕೊಬ್ಬಿನ ಆಮ್ಲವನ್ನು ಸುಣ್ಣದ ಅಂಶದ ಜೊತೆ ಕೂಡಿಸಿ ಮಾಡಿದ ಪುಡಿ ಅದು. ಮೆಲುಕು ಚೀಲದಲ್ಲಿ ಬಹುಪಾಲು ಕರಗದೆ ದಾಟಿ ಮುಂದಿನ ಹೊಟ್ಟೆಯಲ್ಲಿ ಕರಗುತ್ತದೆ, ಹಾಗಾಗಿ ಜೀವಿಗಳಿಗೆ ತೊಂದರೆ ಇಲ್ಲ. ಹೊಸದಾಗಿ ಈಯ್ದ, ಹೆಚ್ಚು ಹಾಲಿನ ಆಕಳಿಗೆ ದಿನಕ್ಕೆ 100-150 ಗ್ರಾಂ ಕೊಡುವುದುಂಟು. ಆರು ಲೀಟರ್ ಕೊಡುವ ಆಕಳಿಗೆ ಅದನ್ನು ಕೊಳ್ಳುವುದು ದುಡ್ಡಿನ ದಂಡ ಎಂದೇ ನಮ್ಮ ಅಭಿಪ್ರಾಯ. ಚೀಲದ ಮೇಲೆ ಬರೀ "ಬೈಪಾಸ್" ಎಂದಿದ್ದರೆ ಅದು ಪ್ರೋಟೀನಿನದೋ ಕೊಬ್ಬಿನದೋ ಕೇಳಿ ತಿಳಿಯಿರಿ, ಎರಡೂ ಬೇರೆ.

ಎಮ್ಮೆ ಕಟ್ಟಿದವರು ಇದು ನಮಗಲ್ಲ ಎಂದುಕೊಳ್ಳಬೇಡಿ. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಎಂದು ದೇಶದ ಮಟ್ಟದಲ್ಲಿ ಮಾನ್ಯತೆ ಸಿಕ್ಕಿತು. ಕಣಕಿ, ಹೊಟ್ಟು ತಿಂದೇ ಗಟ್ಟಿ ಹಾಲು ಕೊಡುವ ಜೀವ ಅದು. ಅದರ ಮೆಲುಕು ಚೀಲಕ್ಕೂ ಇದೇ ಕಾನೂನು.

ಹಾಕುವುದು ಹೇಗೆ? ಮೈ ಉಳಿಸಿಕೊಳ್ಳಲು ಒಂದೂವರೆ-ಎರಡು ಕಿಲೋ ಮಿಶ್ರಣ, ಮೇಲೆ ಪ್ರತಿ ಲೀಟರ್ ಆಕಳ ಹಾಲಿಗೆ 400 ಗ್ರಾಂ, ಎಮ್ಮೆ ಹಾಲಿಗೆ ಅರ್ಧ ಕಿಲೋ. ಮನೆಯಲ್ಲೇ ಮಿಶ್ರಣ ಮಾಡುವವರು 100 ಕಿಲೋಕ್ಕೆ 35 ಕಿಲೋ ನುಚ್ಚು, 30 ಕಿಲೋ ಹಿಂಡಿ, 32 ಕಿಲೋ ಗೋಧಿ ಬೂಸಾ ಮತ್ತು ಬೇಳೆ ಹೊಟ್ಟು, 2 ಕಿಲೋ ಖನಿಜ ಮಿಶ್ರಣ, 1 ಕಿಲೋ ಉಪ್ಪು ಹಾಕಬಹುದು. ಒಂದೇ ಸಲಕ್ಕೆ ಸುರಿಯಬೇಡಿ, ಎರಡು-ಮೂರು ಪಾಲು ಮಾಡಿ. ಮೊದಲು ಕಣಕಿ, ಆಮೇಲೆ ಕಾಳು, ಈ ಕ್ರಮ ಬಹಳ ಮುಖ್ಯ. ಕಣಕಿಯನ್ನು ಯಂತ್ರದಲ್ಲಿ ಕತ್ತರಿಸುವಾಗಲೂ ಒಂದೆರಡು ಇಂಚು ಇರಲಿ, ಪುಡಿ ಮಾಡಿದರೆ ಅಗಿಯುವ ಕೆಲಸ ತಪ್ಪಿ ಜೊಲ್ಲು ಕಡಿಮೆಯಾಗುತ್ತದೆ. ಹೊಸ ಕಾಳು ಶುರು ಮಾಡುವಾಗ ಹತ್ತು-ಹದಿನೈದು ದಿನ ಹಿಡಿದು ಸ್ವಲ್ಪ ಸ್ವಲ್ಪ ಏರಿಸಿ. 2023ರ ಬರದಲ್ಲಿ ಕಣಕಿ ಸಿಗದೆ ಕೆಲವರು ಆ ಜಾಗಕ್ಕೆ ಹಿಟ್ಟು ಹೆಚ್ಚಿಸಿದ್ದರು. ಕಣಕಿಯ ಜಾಗಕ್ಕೆ ಹಿಟ್ಟು ಬರಲಾರದು. ಬೇಸಿಗೆಗೆ ಬಣವೆ ಕೂಡಿಡಲು ಬೇಕಾದ ದುಡ್ಡನ್ನೂ ಸಂಘದ ಸಾಲದ ಅರ್ಜಿಯಲ್ಲೇ ಬರೆಯಿರಿ. ಆಕಳಿಗೆ ಸಾಲ ಕೊಟ್ಟು ಮೇವಿಗೆ ಕೊಡದಿದ್ದರೆ ಹೇಗೆ?

ಹೊಟ್ಟೆಯೊಳಗೆ ಏನಾಗಿದೆ ಎಂದು ತಿಳಿಯಲು ಡಾಕ್ಟರರೇ ಬೇಕೆಂದಿಲ್ಲ. ಮಧ್ಯಾಹ್ನ ಆಕಳು ಮಲಗಿ ಮೆಲುಕು ಹಾಕುವಾಗ ಪಕ್ಕದಲ್ಲಿ ಕುಳಿತು ಎಣಿಸಿ. ಒಂದು ತುತ್ತು ಮೇಲೆ ಬಂದಾಗಿನಿಂದ ನುಂಗುವವರೆಗೆ 50-60 ಸಲ ಅಗಿದರೆ ಒಳ್ಳೆಯದು, ನಲವತ್ತಕ್ಕೂ ಕೆಳಗೆ ಬಂದರೆ ಮೇವು ನೋಡಿಕೊಳ್ಳಿ. ಇನ್ನೊಂದು, ಒಂದು ಹಿಡಿ ಸಗಣಿಯನ್ನು ಹಳೆಯ ಜರಡಿಯಲ್ಲಿ ಹಾಕಿ ನೀರು ಬಿಟ್ಟು ತೊಳೆಯಿರಿ. ಇಡೀ ಕಾಳು ಉಳಿದರೆ ಒಡೆಸಿದ್ದು ಸಾಲದು. ಉದ್ದುದ್ದ ನಾರು ಬಹಳ ಉಳಿದು ಸಗಣಿ ತೆಳ್ಳಗೆ, ಗುಳ್ಳೆ ಗುಳ್ಳೆಯಾಗಿ ಇದ್ದರೆ ಹಿಟ್ಟೋ ಎಣ್ಣೆಯೋ ಹೆಚ್ಚಾಗಿದೆ.

ಆಕಳು ಒಮ್ಮೆಲೇ ಕಾಳು ತಿಂದು ಮೇವು ಬಿಟ್ಟು ಮಂಕಾದರೆ, ಹಲ್ಲು ಕಡಿದರೆ, ತೂರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಕಾಳು, ಹಿಟ್ಟು ಎಲ್ಲ ತೆಗೆದು ಒಣ ಕಣಕಿ ಮಾತ್ರ ಮುಂದಿಡಿ, ಹತ್ತಿರದ ಪಶು ಆಸ್ಪತ್ರೆಗೆ ಇಲ್ಲವೇ 1962ಕ್ಕೆ ಫೋನ್ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಕಿಲೋ ತಿಂದಿತು ಎಂದು ಹೇಳಿ. ಅಡುಗೆ ಸೋಡಾ ಎಷ್ಟು ಕುಡಿಸಬೇಕು ಎಂದು ಅವರನ್ನೇ ಕೇಳಿ. ಮಲಗಿ ಎದ್ದೇಳದ ಆಕಳಿಗೆ ಮನೆಯವರು ಗೊಟ್ಟ ಹಾಕಬೇಡಿ.

ಆ ನವಲಗುಂದ ಕಡೆಯ ಆಕಳು ಈಗ ಮತ್ತೆ ಈಯ್ದಿದೆ. ಎಣ್ಣೆ ನಿಲ್ಲಿಸಿದ್ದಾರೆ, ಗಿರಣಿಯಲ್ಲಿ ನಿಂತು ನುಚ್ಚು ಒಡೆಸುತ್ತಾರೆ. ಕಳೆದ ಸಭೆಯಲ್ಲಿ ಪುಸ್ತಕ ತೋರಿಸಿದರು, ಫ್ಯಾಟ್ 3.7 ಇತ್ತು. ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಆಕಳಿಗೆ ಹಾಕುವ ನುಚ್ಚು ಒಂದು ಹಿಡಿ ಚೀಟಿಯಲ್ಲಿ ಕಟ್ಟಿಕೊಂಡು ಬನ್ನಿ. ಜರಡಿ ನಾವು ತರುತ್ತೇವೆ.